ಸರ್ಕ್ಯೂಟ್ ರೈಡರ್

ಅಮಲ್ದಾರರು ಹಳ್ಳಿಗಳ ಮೇಲೆ ‘ಸರ್ಕೀಟು’ ಹೊರಡುತ್ತಿದ್ದರಲ್ಲ, ಆ ಮಾತಿನ ಮೂಲವೇ ಸರ್ಕ್ಯೂಟ್. ಲ್ಯಾಟಿನ್ನಿನಲ್ಲಿ ಸುತ್ತಿ ಬರುವುದು ಎಂದರ್ಥ. ಇಂಗ್ಲೆಂಡಿನ ನ್ಯಾಯಾಧೀಶರು ಊರೂರಿಗೆ ಹೋಗಿ ವಿಚಾರಣೆ ನಡೆಸುವ ಸುತ್ತಿಗೆ ಈ ಹೆಸರಿತ್ತು. ಜಾನ್ ವೆಸ್ಲಿಯ ಮೆಥಡಿಸ್ಟ್ ಕ್ರೈಸ್ತ ಪಂಥದವರು ಅದನ್ನು ಧರ್ಮಬೋಧಕರ ತಿರುಗಾಟಕ್ಕೂ ಬಳಸಿದರು.

ಅಮೆರಿಕದಲ್ಲಿ ಹೀಗೆ ಕುದುರೆಯೇರಿ ಸುತ್ತುವ ಬೋಧಕನಿಗೆ ‘ಸರ್ಕ್ಯೂಟ್ ರೈಡರ್’ ಎಂಬ ಹೆಸರು ಬಿತ್ತು. ಕಾಡು ಕಡಿದು ನೆಲೆಸಿದವರ ಮನೆಗಳು ಮೈಲುಗಟ್ಟಲೆ ದೂರ. ಊರಿಗೊಂದು ಚರ್ಚು ಎಲ್ಲಿಯದು? ಜೀನಿನ ಚೀಲದಲ್ಲಿ ಬೈಬಲ್ಲು, ಒಂದೆರಡು ಬಟ್ಟೆ ತುಂಬಿಕೊಂಡು ಹೊರಟ ಬೋಧಕನ ಸುತ್ತು ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಸಂಬಳ ವರ್ಷಕ್ಕೆ 64 ಡಾಲರ್, 1800ರಲ್ಲಿ 80 ಆಯಿತು. ಮಳೆ, ಚಳಿ, ಜ್ವರಕ್ಕೆ ಸಿಕ್ಕಿ ಮೂವತ್ತು ತುಂಬುವ ಮೊದಲೇ ತೀರಿಕೊಂಡವರು ಬಹಳ. 1771ರಲ್ಲಿ ಇಂಗ್ಲೆಂಡಿನಿಂದ ಬಂದಿಳಿದ ಬೋಧಕ ಫ್ರಾನ್ಸಿಸ್ ಆಸ್ಬರಿ 1816ರಲ್ಲಿ ಸಾಯುವವರೆಗೂ ಮದುವೆಯಿಲ್ಲದೆ, ಸ್ವಂತ ಮನೆಯಿಲ್ಲದೆ ಅಲೆದರು. ಅವರೊಂದಿಗೆ ಪಯಣಿಸಿದ ಕಪ್ಪು ಬೋಧಕ ಹ್ಯಾರಿ ಹೋಸಿಯರ್‌ಗೆ ಓದು ಬರುತ್ತಿರಲಿಲ್ಲ. ಆದರೂ ಅವರ ಮಾತಿಗೆ ಬಿಳಿಯರೂ ಕಿಕ್ಕಿರಿಯುತ್ತಿದ್ದರು. ಆಸ್ಬರಿಯಷ್ಟೇ ನೆನೆಯಬೇಕಾದ ಹೆಸರು ಅದು.

ಪೀಟರ್ ಕಾರ್ಟ್‌ರೈಟ್ ಎಂಬ ಇನ್ನೊಬ್ಬ ಸವಾರ ರಾಜಕೀಯಕ್ಕೂ ಇಳಿದು, 1846ರ ಕಾಂಗ್ರೆಸ್ ಚುನಾವಣೆಯಲ್ಲಿ ಮುಂದೆ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ ಎದುರು ಸೋತರು. ಹಲವು ಹಳ್ಳಿ ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುವ ಪಾದ್ರಿಯನ್ನು, ಕಾರಿನಲ್ಲಿ ಓಡಾಡಿದರೂ, ಇಂದಿಗೂ ಸರ್ಕ್ಯೂಟ್ ರೈಡರ್ ಎಂದು ಕರೆಯುವುದುಂಟು.