ಗೀವಾನಿನ ರನ್‌ವೇ

ಫಿಲಿಪ್ಪೀನ್ಸಿನ ಭೂಪಟದಲ್ಲಿ ಸಮಾರ್ ದ್ವೀಪದ ದಕ್ಷಿಣದ ತುದಿ ನೋಡಿ. ಒಂದು ಮಗ್ಗುಲಿಗೆ ಪೆಸಿಫಿಕ್, ಇನ್ನೊಂದಕ್ಕೆ ಲೇಯ್ತೆ ಕೊಲ್ಲಿ. ನಡುವೆ ಚಾಚಿಕೊಂಡ ನೆಲವೇ ಗೀವಾನ್. ನಾನು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವನು. ಈ ಊರಿನ ಹುಚ್ಚು ಹತ್ತಿಸಿದವನು ಅಲ್ಲಿಯವನೇ ಆದ ನಮ್ಮ ಬೋಸನ್, ಅಂದರೆ ಡೆಕ್ಕಿನ ಮೇಸ್ತ್ರಿ.

ನಾವಿಕ ಮೆಗಲನ್ನನ ಹೆಸರೆತ್ತಿದರೆ ಬೋಸನ್‌ಗೆ ಆಕಳಿಕೆ. 1521ರ ಮಾರ್ಚ್‌ನಲ್ಲಿ ಮೆಗಲನ್ ಹೊಮೊನ್‌ಹೊನ್ ದ್ವೀಪದಲ್ಲಿಳಿದು ಸಿಹಿನೀರು ತುಂಬಿಕೊಂಡ. ಪಕ್ಕದ ಸುಲುವಾನ್ ದ್ವೀಪದವರು ಮೀನು, ಬಾಳೆಹಣ್ಣು, ಒಂದು ಜಾಡಿ ಕಳ್ಳು ತಂದುಕೊಟ್ಟರು. ಎರಡೂ ದ್ವೀಪ ಇಂದು ಗೀವಾನಿಗೇ ಸೇರಿವೆ. ಅಷ್ಟು ಹೇಳಿ ಬೋಸನ್ ರನ್‌ವೇ ಕಥೆಗೆ ಹಾರುತ್ತಿದ್ದ.

1944ರ ಅಕ್ಟೋಬರಿನಲ್ಲಿ ಜಪಾನೀಯರನ್ನು ಓಡಿಸಲು ಲೇಯ್ತೆ ಕೊಲ್ಲಿಗೆ ಬಂದ ಅಮೆರಿಕನ್ನರು ಗೀವಾನಿನಲ್ಲಿ ನೌಕಾನೆಲೆ ಕಟ್ಟಿದರು. ತೆಂಗಿನ ತೋಟ ಕಡಿದು, ಹವಳದ ಕಲ್ಲು ಹಾಸಿ ರನ್‌ವೇ ಮಾಡಿದರು. ಯುದ್ಧ ಮುಗಿಯಿತು, ಅವರು ಹೋದರು. ಬೋಸನ್ ಸೈಕಲ್ ಕಲಿತದ್ದು ಆ ರನ್‌ವೇ ಮೇಲಂತೆ!

ಪಕ್ಕದ ತುಬಬಾವೊ ದ್ವೀಪಕ್ಕೆ 1949ರಲ್ಲಿ ಬಂದವರೇ ಬೇರೆ. ಮಾವೊ ಸೇನೆ ಶಾಂಘೈಯತ್ತ ನುಗ್ಗಿದಾಗ, ಅಲ್ಲಿ ನೆಲೆಸಿದ್ದ ರಷ್ಯನ್ ನಿರಾಶ್ರಿತರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಐದು ಸಾವಿರಕ್ಕೂ ಹೆಚ್ಚು ಜನರಿಗೆ ಫಿಲಿಪ್ಪೀನ್ಸ್ ಜಾಗ ಕೊಟ್ಟಿತು. ಹಿಮದ ನಾಡಿನ ಜನ ಈ ಸೆಕೆಯಲ್ಲಿ, ಡೇರೆಗಳಲ್ಲಿ, 1951ರವರೆಗೆ ಆಸ್ಟ್ರೇಲಿಯಾ, ಅಮೆರಿಕಗಳ ವೀಸಾ ಕಾಯುತ್ತ ಕೂತರು. ಯುದ್ಧದಿಂದ ಆಗತಾನೇ ಎದ್ದ ಬಡ ದೇಶ ಬಾಗಿಲು ತೆರೆಯಿತು. ಉಳ್ಳವರು ಅರ್ಜಿ ಪರಿಶೀಲಿಸುತ್ತಿದ್ದರು.

2013ರ ನವೆಂಬರ್ 8ರ ನಸುಕಿನಲ್ಲಿ ಯೊಲಾಂಡಾ ಚಂಡಮಾರುತ ಮೊದಲು ನೆಲ ಮುಟ್ಟಿದ್ದು ಗೀವಾನಿನಲ್ಲೇ. ಒಳಗೋಡೆಗೆ ಚಿಪ್ಪು ಕೂರಿಸಿದ ಹಳೆಯ ಇಗರ್ಜಿಯ ಮಾಡು ಹಾರಿಹೋಯಿತು. ಆಗ ಬಳಕೆಗೆ ಬಂದದ್ದು ಬೋಸನ್ ಸೈಕಲ್ ಕಲಿತ ಆ ರನ್‌ವೇ: ಪರಿಹಾರ ಹೊತ್ತ ಅಮೆರಿಕದ ಸಿ-130 ವಿಮಾನಗಳು ಅಲ್ಲೇ ಇಳಿದವು.

ಇತಿಹಾಸಕಾರರು ಇಳಿದದ್ದನ್ನು ಬರೆಯುತ್ತಾರೆ, ಹಂಚಿದ್ದನ್ನಲ್ಲ. ಹಂಚುವುದು ಊರಿನ ಆಡಳಿತದ ಕೆಲಸ. ಊರಿಗೊಬ್ಬ ಮೇಯರ್, ಸದಸ್ಯರ ಒಂದು ಸಭೆ. ಅದರ ಕೆಳಗೆ 60 ಬರಂಗಾಯ್. ನಮ್ಮ ಪಂಚಾಯಿತಿಗಿಂತ ಕಿರಿದಾದ ಈ ಘಟಕಕ್ಕೂ ಒಬ್ಬ ಕ್ಯಾಪ್ಟನ್, ಏಳು ಮಂದಿ ಚುನಾಯಿತ ಸದಸ್ಯರು, ಅಂದರೆ ‘ಕಾಗವಾದ್’ಗಳು.  ಬೇಲಿ, ಸಾಲ, ಬೈಗುಳದಂಥ ಸಣ್ಣ ತಕರಾರು ಬರಂಗಾಯ್ ರಾಜಿಪಂಚಾಯಿತಿ ದಾಟದೆ ಕೋರ್ಟು ಹತ್ತುವಂತಿಲ್ಲ. ಬೋಸನ್‌ನ ಅಣ್ಣನೂ ಒಬ್ಬ ‘ಕಾಗವಾದ್’. ಯಾವ ಮನೆಯಲ್ಲಿ ಎಷ್ಟು ಬಾಯಿ, ಯಾರು ದುಡಿಯಲು ಮನಿಲಾಕ್ಕೆ ಹೋಗಿದ್ದಾರೆ ಎಂಬುದು ಅವನಿಗೆ ಬಾಯಿಪಾಠ. ವಿಮಾನದಿಂದಿಳಿದ ಅಕ್ಕಿ ಬಾಗಿಲಿಗೆ ಮುಟ್ಟಬೇಕಾದರೆ ಅವನ ಪಟ್ಟಿ ಬೇಕಿತ್ತು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ಜಗಳಕ್ಕೆ ಬರುತ್ತಿದ್ದದ್ದೂ ಅವನ ಮನೆಗೇ.