ಸುರಪುರದ ಅರಸ ‘ಅಪ್ಪಾ’ ಎಂದು ಕರೆದ ಆಂಗ್ಲ ಅಧಿಕಾರಿ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಬೆಟ್ಟದ ಮೇಲೆ ‘ಟೇಲರ್ ಮಂಜಿಲ್’ ಎಂಬ ಹಳೆಯ ಬಂಗಲೆಯೊಂದಿದೆ. ಊರಿಗೆ ಬರುವ ಅತಿಥಿಗಳು ಇಳಿದುಕೊಳ್ಳುವ ಸರ್ಕಾರಿ ಬಂಗಲೆಯೆಂದೇ ಅದು ಬಹುಕಾಲ ಜನರಿಗೆ ಪರಿಚಿತ. ಅದನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. ಠಗ್ಗರ ಕತೆ ಬರೆದು ಇಂಗ್ಲೆಂಡಿನಲ್ಲಿ ಮನೆಮಾತಾದವನು, ಸುರಪುರ ಸೀಮೆಯ ಕಲ್ಗೋರಿಗಳನ್ನು ಅಗೆದು ಅಳೆದವನು, ಬೇಡರ ಸಂಸ್ಥಾನವೊಂದನ್ನು ಹತ್ತು ವರ್ಷಕ್ಕೂ ಮಿಕ್ಕಿ ನಡೆಸಿದವನು ಎಂದು ಅವನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಬರುತ್ತದೆ. ಅವನ ಸಂಸಾರದ ವಿಷಯ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆದರೆ ಆ ಸಂಸಾರವನ್ನು ಬಿಟ್ಟರೆ ಟೇಲರ್ ಯಾರೆಂಬುದು ಪೂರ್ತಿಯಾಗಿ ತಿಳಿಯುವುದಿಲ್ಲ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಾಗ ಹದಿನೈದು ವರ್ಷದ ಹುಡುಗನನ್ನು ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವರ್ತಕನ ಬಳಿ ಗುಮಾಸ್ತೆಯಾಗಿ ಕಳಿಸಿದರು. 1824ರಲ್ಲಿ ಹಡಗಿನಿಂದಿಳಿದ ಹುಡುಗನಿಗೆ ತಿಳಿದದ್ದೇನೆಂದರೆ, ಆ ವರ್ತಕನೂ ಸಾಲದಲ್ಲಿ ಮುಳುಗಿದ್ದ! ಪರಿಚಯಸ್ಥರ ಶಿಫಾರಸಿನಿಂದ ಅದೇ ವರ್ಷದ ಕೊನೆಗೆ ಅವನಿಗೆ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಜಾಮನ ಸೈನ್ಯದ ಅಧಿಕಾರಿಗಳೆಲ್ಲ ಒಂದೇ ಬಗೆಯವರಲ್ಲ. ಕಂಪನಿಯ ಸೇನೆಯಿಂದ ಎರವಲಾಗಿ ಬಂದವರಿಗೆ ಬಡ್ತಿ, ಪಿಂಚಣಿ, ಮಾನಮರ್ಯಾದೆ ಎಲ್ಲವೂ ಕಂಪನಿಯ ಕಡೆಯಿಂದ ಭದ್ರ. ಹೈದರಾಬಾದಿನಲ್ಲೇ ನೇಮಕಗೊಂಡ ‘ಸ್ಥಳೀಕ’ ಅಧಿಕಾರಿಗಳಿಗೆ ಆ ಭದ್ರತೆ ಇರಲಿಲ್ಲ. ಸಂಬಳ ನಿಜಾಮನದು, ಹುಕುಂ ರೆಸಿಡೆಂಟನದು. ಟೇಲರ್ ಈ ಎರಡನೆಯ ಗುಂಪಿನವನು. ಬಿಳಿಯನೇ ಆದರೂ ಬಿಳಿಯರ ಪಂಕ್ತಿಯಲ್ಲಿ ಕೊನೆಯ ಎಲೆ ಅವನದು. ಅವನು ಮದುವೆಯಾದ ಮನೆತನಕ್ಕೂ ಇಂಥದೇ ಕತೆಯಿತ್ತು.

1832ರಲ್ಲಿ ಟೇಲರ್ ಕೈಹಿಡಿದದ್ದು ಮೇರಿ ಪಾಮರ್ ಎಂಬುವಳನ್ನು. ಆಕೆಯ ತಂದೆ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್. ಅಜ್ಜ ಜನರಲ್ ವಿಲಿಯಂ ಪಾಮರ್. ವಾರನ್ ಹೇಸ್ಟಿಂಗ್ಸನ ಆಪ್ತ, ಲಖನೌ ಮತ್ತು ಪುಣೆಗಳಲ್ಲಿ ಕಂಪನಿಯ ರೆಸಿಡೆಂಟನಾಗಿದ್ದವನು. ಅಜ್ಜಿ ಫೈಜ್ ಬಕ್ಷ್ ಬೇಗಂ, ಉತ್ತರದ ಮುಸಲ್ಮಾನ ಕುಲೀನ ಮನೆತನದ ಹೆಂಗಸು. ಈ ದಂಪತಿ ಮಕ್ಕಳೊಂದಿಗೆ ಕುಳಿತಿರುವ 1785ರ ಸುಮಾರಿನ ತೈಲಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಕೋಟಿನ ಅಧಿಕಾರಿ, ಹಿಂದುಸ್ತಾನಿ ಉಡುಗೆ ತೊಟ್ಟು ನೆಲದ ಮೇಲೆ ಕುಳಿತ ಬೇಗಂ, ಸುತ್ತ ಮಕ್ಕಳು ಮತ್ತು ದಾಸಿಯರು. ಅದರಲ್ಲಿರುವ ಪುಟ್ಟ ವಿಲಿಯಮನೇ ಮುಂದೆ ಟೇಲರನ ಮಾವನಾದವನು.

ಆ ಚಿತ್ರ ಬರೆಸುವ ಕಾಲಕ್ಕೆ ಇಂಥ ಸಂಸಾರ ನಾಚಿಕೆಯ ವಿಷಯವಾಗಿರಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಗಾಳಿ ತಿರುಗಿತು. ಭಾರತೀಯ ತಾಯಂದಿರ ಮಕ್ಕಳಿಗೆ ಕಂಪನಿಯ ಅಧಿಕಾರಿ ಹುದ್ದೆಗಳನ್ನು ಕೊಡಕೂಡದೆಂದು ಕಾರ್ನ್‌ವಾಲಿಸನ ಕಾಲದಲ್ಲಿ, 1791ರಿಂದ, ನಿಷೇಧ ಬಂತು. ರೆಸಿಡೆಂಟನ ಮಗನಾದರೂ ವಿಲಿಯಂ ಪಾಮರ್ ಕಂಪನಿಯ ಸೇವೆಗೆ ಸಲ್ಲದವನಾದ. ನಿಜಾಮನ ಸೈನ್ಯ ಸೇರಿದ. ಬಳಿಕ ಅದನ್ನು ಬಿಟ್ಟು ಲೇವಾದೇವಿಯ ಕೋಠಿ ತೆರೆದ. ನಿಜಾಮನ ಸರ್ಕಾರಕ್ಕೇ ಲಕ್ಷಗಟ್ಟಲೆ ಸಾಲ ಕೊಡುವಷ್ಟು ಆ ಕೋಠಿ ಬೆಳೆಯಿತು. ಬಡ್ಡಿಯೂ ಹಾಗೆಯೇ ಬೆಳೆಯಿತು. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಈ ವ್ಯವಹಾರದ ಬುಡಕ್ಕೆ ಕೈಹಾಕಿದ. ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭುವಿನ ಹೆಸರಿಗೂ ಅದರಿಂದ ಮಸಿ ಬಳಿಯಿತು. ಉತ್ತರ ಸರ್ಕಾರ್ ಪ್ರಾಂತ್ಯಕ್ಕಾಗಿ ಕಂಪನಿ ನಿಜಾಮನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಪೇಷ್‌ಕಶ್ ಕೊಡಬೇಕಿತ್ತು. ಅದನ್ನು ಒಂದೇ ಕಂತಿನಲ್ಲಿ ತೀರಿಸಿ, ಆ ಹಣದಿಂದ ಪಾಮರನ ಲೆಕ್ಕ ಚುಕ್ತಾ ಮಾಡಲಾಯಿತು. ನಿಜಾಮನ ಶಾಶ್ವತ ಆದಾಯವೊಂದು ಹಾಗೆ ಕೈಬಿಟ್ಟುಹೋಯಿತು. ಕೋಠಿಯೂ ಉಳಿಯಲಿಲ್ಲ.

ಟೇಲರ್ ಹೈದರಾಬಾದಿಗೆ ಬಂದದ್ದು ಈ ದಿವಾಳಿಯ ಹೊತ್ತಿನಲ್ಲೇ. ಅಂಥ ಮನೆಯ ಹೆಣ್ಣನ್ನು ತಂದುಕೊಂಡರೆ ತನ್ನ ಏಳಿಗೆಗೆ ಅನುಕೂಲವಾಗದೆಂದು ಅವನಿಗೆ ಗೊತ್ತಿರದೆ ಇಲ್ಲ. ಆದರೂ ಪಾಮರನ ಮನೆ ಅವನನ್ನು ಎಳೆಯಿತು. ಹಿಂದುಸ್ತಾನದ ರಾಜಕಾರಣ, ನವಾಬರ ನಡೆನುಡಿ, ಊರ ಸುದ್ದಿ ಎಲ್ಲವನ್ನೂ ಬಲ್ಲವರು ಕೂಡುತ್ತಿದ್ದ ಮನೆ ಅದು. ಬಿಳಿಯರ ಕಂಟೋನ್ಮೆಂಟಿನಲ್ಲಿ ಕಲಿಯಲಾಗದ್ದನ್ನು ಆತ ಅಲ್ಲಿ ಕಲಿತನೆಂದು ಧಾರಾಳವಾಗಿ ಹೇಳಬಹುದು.

ಅದಕ್ಕೂ ಮೊದಲು ನಿಜಾಮನ ಸೀಮೆಯ ನೈಋತ್ಯ ಭಾಗದಲ್ಲಿ ಟೇಲರ್ ಮುಲ್ಕಿ ಕೆಲಸ ನೋಡಿಕೊಂಡಿದ್ದ. ದಾರಿಹೋಕರ ಕೊರಳಿಗೆ ರುಮಾಲು ಬಿಗಿದು ಕೊಲ್ಲುವ ಠಗ್ಗರ ಸುಳಿವು ಆಗಲೇ ಅವನಿಗೆ ಸಿಕ್ಕಿತ್ತು. 1829ರಲ್ಲಿ ಪಟ್ಟಕ್ಕೆ ಬಂದ ನಿಜಾಮ ನಾಸಿರುದ್ದೌಲಾ, ಜಿಲ್ಲೆಗಳಿಂದ ಬಿಳಿಯ ಅಧಿಕಾರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಕೇಳಿದ, ಬೆಂಟಿಂಕ್ ಒಪ್ಪಿದ. ಟೇಲರ್ ಪಲ್ಟನಿಗೆ ಮರಳಬೇಕಾಯಿತು. ಠಗ್ಗರನ್ನು ಬಯಲಿಗೆಳೆದ ಕೀರ್ತಿ ಸ್ಲೀಮನ್‌ಗೆ ಸಂದಿತು. ಟೇಲರನ ಪಾಲಿಗೆ ಉಳಿದದ್ದು ಕತೆ. ಅಮೀರ್ ಅಲಿ ಎಂಬ ಠಗ್ಗನ ಬಾಯಲ್ಲೇ ಹೇಳಿಸಿದ ಆ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ, ವಿಕ್ಟೋರಿಯಾ ರಾಣಿ ಕರಡು ಹಾಳೆಗಳನ್ನೇ ತರಿಸಿ ಓದಿದಳೆಂದು ಪ್ರತೀತಿ. ಮರುವರ್ಷ ಟಿಪ್ಪು ಸುಲ್ತಾನನ ಮೇಲಿನ ಕಾದಂಬರಿ ಬಂತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಹಿಂದುಸ್ತಾನದ ಬಾತ್ಮೀದಾರನಾಗಿಯೂ ಆತ 1840ರಿಂದ 1853ರವರೆಗೆ ಬರೆದ.

ರಜೆ ಮುಗಿಸಿ 1841ರಲ್ಲಿ ಹಿಂದಿರುಗಿದವನನ್ನು ರೆಸಿಡೆಂಟ್ ಜನರಲ್ ಫ್ರೇಸರ್ ಸುರಪುರದ ಕೆಲಸಕ್ಕೆ ಹಚ್ಚಿದ. ಔರಂಗಜೇಬನ ಕೊನೆಯ ಮುತ್ತಿಗೆಯನ್ನು 1705ರಲ್ಲಿ ವಾಗಿನಗೇರಿಯಲ್ಲಿ ಎದುರಿಸಿದ ಬೇಡ ನಾಯಕರ ಸಂಸ್ಥಾನವದು. ಆದರೆ ಈ ಹೊತ್ತಿಗೆ ನಿಜಾಮನಿಗೆ ಸಲ್ಲಬೇಕಾದ ನಜರಾಣೆ, ಕಪ್ಪ, ಸಾಹುಕಾರರ ಸಾಲಗಳಿಂದ ಹಣ್ಣಾಗಿತ್ತು. ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ಇನ್ನೂ ಹುಡುಗ. ರಾಣಿ ಈಶ್ವರಮ್ಮನ ಪಕ್ಷ ಒಂದು, ಹುಡುಗನ ಚಿಕ್ಕಪ್ಪ ಪಿಡ್ಡ ನಾಯಕನ ಪಕ್ಷ ಇನ್ನೊಂದು. ನಡುವೆ ಟೇಲರ್. ಪಿಡ್ಡ ನಾಯಕನನ್ನು ಮುಂದಿಟ್ಟುಕೊಂಡು ಆತ ಆಡಳಿತ ನಡೆಸಿದ.

ಈಶ್ವರಮ್ಮನನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಒಳ್ಳೆಯ ಬಣ್ಣದಲ್ಲಿ ಬರೆದಿಲ್ಲ. ಆಕೆಯ ಮಾತನ್ನು ಬರೆದಿಟ್ಟವರಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು, ತನ್ನ ಮಗನ ರಾಜ್ಯದ ಬೀಗದಕೈ ಪರದೇಶದ ಸಾಹೇಬನ ಸೊಂಟದಲ್ಲಿದ್ದುದನ್ನು ಕಂಡು ಸುಮ್ಮನಿರಬೇಕಿತ್ತೆಂದು ಹೇಳುವುದು ಕಷ್ಟ.

ಸುರಪುರಕ್ಕೆ ಬಂದ ಕೆಲವೇ ವರ್ಷಗಳಲ್ಲಿ, 1844ರಲ್ಲಿ, ಮೇರಿ ತೀರಿಕೊಂಡಳು. ಟೇಲರ್ ಮತ್ತೆ ಮದುವೆಯಾಗಲಿಲ್ಲ. ಆಗ ಅವನಿಗೆ ಮೂವತ್ತಾರರ ಆಸುಪಾಸು. ಬೆಟ್ಟದ ಮೇಲೆ ಬಂಗಲೆ ಎದ್ದದ್ದು, ಬೋನಾಳದ ಕೆರೆಯ ಕೆಲಸ ನಡೆದದ್ದು, ರಸ್ತೆಗಳಾದದ್ದು, ಸಂಸ್ಥಾನದ ಸಾಲ ಕರಗುತ್ತ ಬಂದದ್ದು ಎಲ್ಲವೂ ಈ ಒಂಟಿ ವರ್ಷಗಳಲ್ಲಿ. ರಾಜನ್ ಕೋಳೂರು, ಜೇವರ್ಗಿ, ವಿಭೂತಿಹಳ್ಳಿಗಳ ಕಲ್ಗೋರಿಗಳನ್ನೂ ನಿಲಿಸುಗಲ್ಲುಗಳನ್ನೂ ಅಳೆದು ನಕ್ಷೆ ಬರೆದದ್ದೂ ಆಗಲೇ. ಊರವರು ‘ಮೋರ್ಯರ ಮನೆ’ ಎಂದು ಬಿಟ್ಟಿದ್ದ ಈ ಕಲ್ಲುಗಳನ್ನು ಆತ ಬ್ರಿಟನ್, ಐರ್ಲೆಂಡುಗಳ ಶಿಲಾಗೋರಿಗಳೊಂದಿಗೆ ಹೋಲಿಸಿದ. ಆ ಹೋಲಿಕೆಯಿಂದ ತೆಗೆದ ತೀರ್ಮಾನಗಳು ಇಂದು ನಿಲ್ಲುವುದಿಲ್ಲ. ನಕ್ಷೆಗಳು ನಿಂತಿವೆ. ಮಣ್ಣಿನ ಪದರಗಳನ್ನು ಗುರುತಿಸಿ ಬರೆದ ಅವನ ಛೇದಚಿತ್ರಗಳನ್ನು, ನೂರು ವರ್ಷದ ಬಳಿಕ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೆಚ್ಚಿ ಎತ್ತಿ ತೋರಿಸಿದ.

ಇನ್ನು ಹುಡುಗ ವೆಂಕಟಪ್ಪ. ಅವನಿಗೆ ಇಂಗ್ಲಿಷು ಕಲಿಸಿದ್ದು, ಲೆಕ್ಕಪತ್ರ ತೋರಿಸಿಕೊಟ್ಟದ್ದು ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಇದು ಬರಿಯ ಬಾಯುಪಚಾರವಾಗಿರಲಿಲ್ಲ ಎಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. ಆದರೆ ಅಪ್ಪನೂ ಅವನೇ, ಕಂಪನಿಯ ಕಾವಲುಗಾರನೂ ಅವನೇ ಎಂಬಲ್ಲಿ ತೊಡಕಿತ್ತು.

1853ರಲ್ಲಿ ಪ್ರಾಪ್ತವಯಸ್ಕನಾದ ವೆಂಕಟಪ್ಪ ನಾಯಕನ ಕೈಗೆ ರಾಜ್ಯ ಬಂತು. ಟೇಲರನಿಗೆ ವರ್ಗವಾಯಿತು. ಅದೇ ವರ್ಷ ನಿಜಾಮ ಸೈನ್ಯದ ಖರ್ಚಿಗಾಗಿ ವರಾಡ, ರಾಯಚೂರು ದೋಆಬ್, ನಳದುರ್ಗ ಸೀಮೆಗಳನ್ನು ಕಂಪನಿಯ ವಶಕ್ಕೆ ಕೊಟ್ಟಿದ್ದ. ನಳದುರ್ಗದ ಹೊಣೆ ಟೇಲರನಿಗೆ ಬಿತ್ತು. ಇದು ಬೀದರ ಜಿಲ್ಲೆಯವರಿಗೆ ಅಪರಿಚಿತ ಸೀಮೆಯಲ್ಲ. ಬಸವಕಲ್ಯಾಣದಿಂದ ಪಡುವಣಕ್ಕೆ ಸ್ವಲ್ಪ ದೂರ ಹೋದರೆ ನಳದುರ್ಗದ ಕೋಟೆ, ಅದರಾಚೆ ತುಳಜಾಪುರ. ಔರಾದ ತಾಲ್ಲೂಕಿನ ಎಕಂಬಾದಂಥ ಗಡಿ ಊರುಗಳಿಂದ ಹಿಡಿದು ಭಾಲ್ಕಿಯವರೆಗೆ ಎಷ್ಟೋ ಮನೆಗಳವರು ಭವಾನಿಯ ದರ್ಶನಕ್ಕೆಂದು ಹೋಗುವ ಕ್ಷೇತ್ರ. ಟೇಲರ್ ಮುಂದೆ 1863ರಲ್ಲಿ ಪ್ರಕಟಿಸಿದ ‘ತಾರಾ’ ಕಾದಂಬರಿಯ ಕಥಾಭೂಮಿ ಇದೇ ತುಳಜಾಪುರ. ನಾಯಕಿ ಭವಾನಿಯ ಗುಡಿಯ ಅರ್ಚಕರ ಮನೆಯ ಬಾಲವಿಧವೆ. 1657ರ ಕಾಲದ ಈ ಕತೆಗೆ 1757ರದೊಂದು, 1857ರದೊಂದು ಕಾದಂಬರಿ ಜೋಡಿಯಾಗಿ ಬಂದವು.

1857ರ ದಂಗೆಯ ಬಿಸಿ ದಕ್ಷಿಣಕ್ಕೆ ತಟ್ಟಿದಾಗ ಟೇಲರ್ ದೂರದ ವರಾಡದಲ್ಲಿದ್ದ. ಸುರಪುರದಲ್ಲಿ ಮತ್ತೆ ಸಾಲ, ಮತ್ತೆ ಒಳಜಗಳ. ಅರಬರು, ರೋಹಿಲ್ಲರು ಬಂದು ಸೇರತೊಡಗಿದರು. 1858ರ ಫೆಬ್ರವರಿ ಮೊದಲ ವಾರ ಕಳೆಯುತ್ತಲೇ ಕಾಳಗವಾಯಿತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಇಂಗ್ಲಿಷರ ಇನ್ನಷ್ಟು ಸೈನ್ಯ ಬರುವ ಸುದ್ದಿ ಕೇಳಿ ವೆಂಕಟಪ್ಪ ನಾಯಕ ರಾತ್ರೋರಾತ್ರಿ ಊರು ಬಿಟ್ಟು ಹೈದರಾಬಾದಿಗೆ ಹೋದ. ಅಲ್ಲಿ ಸಿಕ್ಕಿಬಿದ್ದ, ದಿವಾನ ಸಾಲಾರ್ ಜಂಗ್ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ.

ಸೆರೆಮನೆಯಲ್ಲಿದ್ದವನನ್ನು ನೋಡಲು ಟೇಲರ್ ಹೋದ. ಹುಡುಗ ಅಪ್ಪಿಕೊಂಡು ಅತ್ತನೆಂದೂ, ತನ್ನನ್ನು ಕಳ್ಳನಂತೆ ಗಲ್ಲಿಗೇರಿಸದಿರಲಿ ಎಂದು ಬೇಡಿದನೆಂದೂ ಟೇಲರ್ ಬರೆದಿದ್ದಾನೆ. ವಿಧಿಸಿದ್ದ ಮರಣದಂಡನೆ ಮೊದಲು ಕರಿನೀರಿಗೆ, ಅನಂತರ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ 4 ವರ್ಷದ ಸೆರೆವಾಸಕ್ಕೆ ಇಳಿಯಿತು. ಅಷ್ಟರಲ್ಲಿ ನಡತೆ ನೆಟ್ಟಗಿದ್ದರೆ ರಾಜ್ಯ ಮರಳಿ ಸಿಗುವ ಆಸೆಯೂ ಇತ್ತು. ಆದರೆ ಚೆಂಗಲ್ಪಟ್ಟಿನ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ವೆಂಕಟಪ್ಪ ನಾಯಕ ಸತ್ತ. ತಾನೇ ಹಾರಿಸಿಕೊಂಡನೆಂದು ಸರ್ಕಾರಿ ಕಾಗದಗಳು ಹೇಳಿದವು. ಸುರಪುರದ ಜನ ಎಲ್ಲರೂ ಅದನ್ನು ನಂಬಲಿಲ್ಲ. ಅರಸ ಇಪ್ಪತ್ನಾಲ್ಕನೆಯ ವರ್ಷ ದಾಟಲಾರನೆಂದು ಜಾತಕದಲ್ಲಿ ಬರೆದಿದ್ದುದನ್ನು ಆಸ್ಥಾನದ ಬ್ರಾಹ್ಮಣನೊಬ್ಬ ಬಹಳ ಹಿಂದೆಯೇ ತನಗೆ ಗುಟ್ಟಾಗಿ ತಿಳಿಸಿದ್ದನೆಂದು ಟೇಲರ್ ನೆನೆಯುತ್ತಾನೆ. ಜ್ಯೋತಿಷವನ್ನು ನಂಬದ ಮನುಷ್ಯ ಅದನ್ನು ಮರೆಯಲೂ ಆಗದೆ ಬರೆದಂತಿದೆ.

ಮಗನಂತಿದ್ದವನ ರಾಜ್ಯವನ್ನು ಸರ್ಕಾರದ ಪರವಾಗಿ ಮತ್ತೆ ವಹಿಸಿಕೊಳ್ಳಬೇಕಾದವನೂ ಟೇಲರನೇ. 1860ರಲ್ಲಿ ಬ್ರಿಟಿಷರು ಸುರಪುರವನ್ನು ದಂಗೆಯ ಕಾಲದ ನಿಷ್ಠೆಗೆ ಬಹುಮಾನವೆಂದು ನಿಜಾಮನಿಗೆ ಕೊಟ್ಟರು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರ್ ದೇಶಕ್ಕೆ ಮರಳಿದ. ಡಬ್ಲಿನ್ ಬಳಿಯ ಹೆರಾಲ್ಡ್ಸ್ ಕ್ರಾಸಿನಲ್ಲಿ ನೆಲೆಸಿ ಕಾದಂಬರಿಗಳನ್ನೂ, 1870ರಲ್ಲಿ ಭಾರತದ ಇತಿಹಾಸವನ್ನೂ ಬರೆದ. ಮಾವ ವಿಲಿಯಂ ಪಾಮರ್ 1867ರಲ್ಲಿ ಹೈದರಾಬಾದಿನಲ್ಲೇ ತೀರಿಕೊಂಡ.

1875ರಲ್ಲಿ, ಕಣ್ಣು ಮಂಜಾಗುತ್ತಿದ್ದ ಹೊತ್ತಿನಲ್ಲಿ, ಟೇಲರ್ ಮಗಳೊಬ್ಬಳ ಆಸರೆಯಲ್ಲಿ ಕೊನೆಯ ಬಾರಿ ಹೈದರಾಬಾದಿಗೆ ಬಂದ. ಜ್ವರ ಹಿಡಿಯಿತು. ಊರಿಗೆ ಹಿಂದಿರುಗುವ ದಾರಿಯಲ್ಲಿ, ಫ್ರಾನ್ಸಿನ ಕಡಲತೀರದ ಮಾಂಟೋನ್ ಎಂಬ ಊರಿನಲ್ಲಿ, 1876ರ ಮೇ 13ರಂದು ತೀರಿಕೊಂಡ. ಅವನ ಆತ್ಮಕಥೆಯನ್ನು ಮಗಳು ಆಲಿಸ್ ಪರಿಷ್ಕರಿಸಿ ಮರುವರ್ಷ ಪ್ರಕಟಿಸಿದಳು. ಅದರಲ್ಲಿ ಸುರಪುರದ ಹುಡುಗನಿಗೆ ಸಿಕ್ಕಿರುವಷ್ಟು ಪುಟಗಳು ಮೇರಿ ಪಾಮರಳಿಗೆ ಸಿಕ್ಕಿಲ್ಲ.