ಹಗೇವು: ನಮ್ಮ ಕಣಜ ನೆಲದೊಳಗೆ ಯಾಕಿತ್ತು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರು ಒಂದು ಕೆಲಸ ಮಾಡಿ. ಫೋನಲ್ಲಿ 'ಬಾರ್ನ್' ಅಂತ ಹುಡುಕಿ. ಕೆಂಪು ಬಣ್ಣ ಬಳಿದ ದೊಡ್ಡ ಮರದ ಕಟ್ಟಡ ಬರುತ್ತೆ. ಕಾಳು, ಹುಲ್ಲು, ದನ ಮೂರೂ ಒಂದೇ ಸೂರಿನ ಕೆಳಗೆ. ಅಮೆರಿಕ, ಯುರೋಪಿನ ರೈತನಿಗೆ ಅದು ಬೇಕಿತ್ತು. ನಾಲ್ಕೈದು ತಿಂಗಳು ಚಳಿ, ಹಿಮ, ಹೊರಗೆ ಏನನ್ನೂ ಬಿಡೋ ಹಾಗಿಲ್ಲ.

ಈಗ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕಡೆ ಬನ್ನಿ. ರಾಮನಗರ, ಮಾಗಡಿ, ಕನಕಪುರ ಎಲ್ಲಿ ಸುತ್ತಿದ್ರೂ ಅಂಥ ಕಟ್ಟಡ ಸಿಗಲ್ಲ. ನಮ್ಮಲ್ಲಿ ಅದೇ ಕೆಲಸವನ್ನ ನಾಲ್ಕು ಜಾಗಕ್ಕೆ ಹಂಚಿದ್ರು. ದನ ಮನೆಯೊಳಗೆ, ಹುಲ್ಲು ಮನೆಯಿಂದ ದೂರ, ಒಕ್ಕಣೆ ಬಯಲಿನ ಕಣದಲ್ಲಿ, ರಾಗಿ ನೆಲದ ಕೆಳಗೆ.

ದನ ಮನೆಯೊಳಗೆ ಯಾಕೆ ಅಂದ್ರೆ, ಆವಾಗ ಮನೆಯಲ್ಲಿ ಅದಕ್ಕಿಂತ ಬೆಲೆಬಾಳೋ ಆಸ್ತಿ ಇರಲಿಲ್ಲ. ಒಂದು ಜೊತೆ ಹಳ್ಳಿಕಾರ್ ಎತ್ತು ಕಳ್ಳರ ಪಾಲಾದ್ರೆ ಆ ವರ್ಷದ ಉಳುಮೆಯೇ ಹೋಯ್ತು. ರಾಮನಗರದ ಬೆಟ್ಟಗಳಲ್ಲಿ ಚಿರತೆ ಈಗಲೂ ಇದೆ, ಆಗಿನ ಕಥೆ ಕೇಳೋದೇ ಬೇಡ. ಹಾಗಾಗಿ ನಾಡಹೆಂಚಿನ ಮನೆಯ ಬಾಗಿಲು ದಾಟಿದ ತಕ್ಷಣ ಒಂದು ಪಕ್ಕ ಗೊಂತು, ಇನ್ನೊಂದು ಪಕ್ಕ ಜನ. ಹುಲ್ಲಿಗೆ ಬೆಂಕಿ ಭಯ, ಅದಕ್ಕೆ ಬಣವೆ ಆಚೆ. ಕೊಯ್ದ ರಾಗಿಯನ್ನೂ ಒಕ್ಕೋ ತನಕ ಮೆದೆ ಹಾಕಿಡೋರು. ತೆನೆ ಒಳಗೆ, ಬುಡ ಹೊರಗೆ. ಮಳೆ ಬಿದ್ರೆ ನೆನೆಯೋದು ಹುಲ್ಲು, ಕಾಳಲ್ಲ. ಗೋಡೆ ಇಲ್ಲ, ಕಂಬ ಇಲ್ಲ, ಆದ್ರೂ ಅದೊಂದು ಕಟ್ಟಡವೇ ಅನ್ನೋದು ನನ್ನ ವಾದ.

ಇನ್ನು ಕಣ. ಸಗಣಿ ಸಾರಿಸಿದ ದುಂಡನೆ ಬಯಲು, ನಡುವೆ ಮೇಟಿ ಕಂಬ, ಎತ್ತು ಎಳೆಯೋ ರೋಣಗಲ್ಲು. ಒಕ್ಕಿ, ತೂರಿ, ರಾಶಿ ಪೂಜೆ ಮಾಡಿದ ಮೇಲೆ ಕಾಳು ಎಲ್ಲಿಗೆ ಹೋಗುತ್ತೆ? ದಿನಾ ತಿನ್ನೋಕೆ ಬೇಕಾದಷ್ಟು ಮನೆಯ ವಾಡೆಗೆ, ಗುಡಾಣಕ್ಕೆ, ಬಿದಿರು ಹೆಣೆದು ಸಗಣಿ ಬಳಿದ ಕಣಜಕ್ಕೆ. ಮಿಕ್ಕಿದ್ದು ಹಗೇವಿಗೆ.

ಹಗೇವು ಅಂದ್ರೆ ನೆಲದಲ್ಲಿ ತೋಡಿದ ಗುಂಡಿ. ಆದ್ರೆ ಬರೀ ಗುಂಡಿ ಅಂದ್ಕೋಬೇಡಿ. ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ಮಣ್ಣು ನೋಡಿ ತೋಡಬೇಕು. ಬಾಯಿ ಒಬ್ಬ ಮನುಷ್ಯ ಇಳಿಯೋವಷ್ಟೇ ಕಿರಿದು, ಒಳಗೆ ಹೋಗ್ತಾ ಹೊಟ್ಟೆ ಅಗಲ. ಹೂಜಿಯನ್ನ ನೆಲದಲ್ಲಿ ಹೂತಿಟ್ಟ ಹಾಗೆ. ಒಳಗೋಡೆಗೂ ತಳಕ್ಕೂ ಒಣ ರಾಗಿ ಹುಲ್ಲಿನ ಪದರ, ಆಮೇಲೆ ಚೆನ್ನಾಗಿ ಒಣಗಿಸಿದ ರಾಗಿ, ಮೇಲೆ ಮತ್ತೆ ಹುಲ್ಲು, ಬಾಯಿಗೆ ಕಲ್ಲು ಚಪ್ಪಡಿ, ಸಂದಿಗೆಲ್ಲ ಮಣ್ಣಿನ ಮೆತ್ತನೆ. ಮುಗೀತು. ಹೊಸಬರು ಅದರ ಮೇಲೇ ನಡ್ಕೊಂಡು ಹೋದ್ರೂ ಗೊತ್ತಾಗಲ್ಲ.

ಒಳಗೆ ಏನಾಗುತ್ತೆ ಅನ್ನೋದು ನಂಗೆ ಬಹಳ ಇಷ್ಟವಾದ ಭಾಗ. ಕಾಳಿಗೂ ಜೀವ ಇದೆ, ಉಸಿರಾಡುತ್ತೆ. ಜೊತೆಗೆ ಸೇರಿಕೊಂಡಿರೋ ಹುಳವೂ ಉಸಿರಾಡುತ್ತೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಕಮ್ಮಿಯಾಗ್ತಾ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ, ಹುಳ ಸಾಯುತ್ತೆ, ಕಾಳು ಉಳಿಯುತ್ತೆ. ಔಷಧಿ ಬೇಡ, ಕರೆಂಟ್ ಬೇಡ. ರಾಗಿ ಕಾಳು ಮೊದಲೇ ಚಿಕ್ಕದು, ಗಟ್ಟಿ, ಹುಳಕ್ಕೆ ಅಷ್ಟಾಗಿ ಸಿಗದ ಧಾನ್ಯ. ಎರಡೂ ಸೇರಿ ವರ್ಷಗಟ್ಟಲೆ ಕೆಡದೆ ಇರೋದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಲಸಂದೆ ಕಾಳಿಗಾಗಿ ಮೂರು ಪದರದ ಗಾಳಿಯಾಡದ ಚೀಲ ಮಾಡಿದ್ರು. ಅದು ಈಗ ಎಷ್ಟೋ ದೇಶಗಳಲ್ಲಿ ಮಾರಾಟವಾಗುತ್ತೆ. ತತ್ವ ಇದೇ.

ಆದ್ರೆ ಹುಳ ಸಾಯಿಸೋ ಗಾಳಿ ಮನುಷ್ಯರನ್ನೂ ಬಿಡಲ್ಲ. ಅದಕ್ಕೇ ಹಗೇವು ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ಚಪ್ಪಡಿ ಸರಿಸಿ ಗಾಳಿಯಾಡೋಕೆ ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡೋದು. ದೀಪ ಆರಿದ್ರೆ ಇನ್ನೂ ಕಾಯಿ. ಅವಸರ ಮಾಡಿದೋರು ಒಳಗೇ ಉಳಿದ್ರು. ಇಲ್ಲಿ ಇನ್ನೊಂದು ವಿಷಯ ಕೇಳ್ಕೊಳ್ಳಿ, ಆ ಗುಂಡಿಗೆ ಮೊದಲು ಇಳೀತಿದ್ದೋನು ಸಾಮಾನ್ಯವಾಗಿ ಆಳು, ರಾಗಿಯ ಯಜಮಾನ ಅಲ್ಲ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಹಗೇವು ನಂಗೆ ಫಿಕ್ಸೆಡ್ ಡೆಪಾಸಿಟ್ ಥರ ಕಾಣುತ್ತೆ. ವಾಡೆ ಅಂದ್ರೆ ಉಳಿತಾಯ ಖಾತೆ, ದಿನಾ ಕೈ ಹಾಕಬಹುದು. ಹಗೇವನ್ನ ಒಂದ್ಸಲ ತೆಗೆದ್ರೆ ಪೂರ್ತಿ ಖಾಲಿ ಮಾಡಬೇಕು, ಗಾಳಿ ತೇವ ಒಳಗೆ ಹೋದ್ಮೇಲೆ ಮಿಕ್ಕಿದ್ದು ಕೆಡುತ್ತೆ. ಅಂದ್ರೆ ತೆಗೆಯೋದು ಒಂದು ದೊಡ್ಡ ತೀರ್ಮಾನ. ಮದುವೆಗೆ, ಇಲ್ಲಾ ಮಳೆ ಕೈಕೊಟ್ಟ ವರ್ಷಕ್ಕೆ. ಆ ತೀರ್ಮಾನ ಯಾರ ಕೈಯಲ್ಲಿತ್ತು? ಹೊಲ ಇದ್ದೋರ ಕೈಯಲ್ಲಿ. ಕಮ್ಮಾರ, ಕುಂಬಾರ, ಅಗಸ, ತೋಟಿ ಇವರಿಗೆಲ್ಲ ವರ್ಷದ ಕೂಲಿ ಸಿಗ್ತಿದ್ದಿದ್ದು ಕಣದಲ್ಲಿ, ಮೊರದ ಲೆಕ್ಕದಲ್ಲಿ. ಅದು ಮುಗಿದ ಮೇಲೆ ಹಗೇವಿದ್ದೋರ ಮನೆ ಬಾಗಿಲಿಗೆ ರಾಗಿ ಸಾಲಕ್ಕೆ ಬರಬೇಕಿತ್ತು, ಸುಗ್ಗೀಲಿ ಹೆಚ್ಚಿಗೆ ಸೇರಿಸಿ ಅಳೀಬೇಕಿತ್ತು. 'ಹಳೇ ಕಾಲದ ಜಾಣ್ಮೆ' ಅಂತ ರೀಲ್ಸ್ ಮಾಡೋರು ಈ ಭಾಗ ಬಿಟ್ಟುಬಿಡ್ತಾರೆ.

ಕಾಳನ್ನ ನೆಲದೊಳಗೆ ಬಚ್ಚಿಡೋಕೆ ಯುದ್ಧವೂ ಒಂದು ಕಾರಣ. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಇರೋ ಸೀಮೆ ಇದು, ಸೈನ್ಯ ಓಡಾಡೋ ದಾರಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕನಕಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೊರಟಾಗ, ಅವನ ಸೈನ್ಯಕ್ಕೆ ಹುಲ್ಲು ಕಾಳು ಸಿಗಬಾರದು ಅಂತ ಟಿಪ್ಪು ಕಡೆಯವರು ದಾರಿಯುದ್ದಕ್ಕೂ ಸುಡಿಸಿದ್ರು. ಎತ್ತುಗಳು ಮೇವಿಲ್ಲದೆ ಸತ್ತವು, ಫಿರಂಗಿ ಎಳೆಯೋಕೆ ಆಗದೆ ಅವನ್ನ ಅಲ್ಲೇ ನಾಶಮಾಡಿ ಕಾರ್ನ್‌ವಾಲಿಸ್ ವಾಪಸ್ಸಾದ. ಚರಿತ್ರೆ ಪುಸ್ತಕದಲ್ಲಿ ಇದು ಯುದ್ಧತಂತ್ರ. ಬಣವೆ ಕಳ್ಕೊಂಡ ಊರಿನವರಿಗೆ? ಬೆಂಕಿ ಮುಟ್ಟದೆ ಉಳಿಯೋದು ನೆಲದೊಳಗಿನದ್ದು ಮಾತ್ರ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಮೇಲೆ ಹಾದುಹೋದ. 1807ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಅವನ ಪ್ರವಾಸ ಕಥನದಲ್ಲಿ ರಾಗಿ ಹಗೇವಿನ ಪ್ರಸ್ತಾಪ ಇದೆ.

ಹಗೇವಿಗೆ ನಿಜವಾದ ಪರೀಕ್ಷೆ ಬಂದಿದ್ದು 1876–78ರಲ್ಲಿ. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರ ಅಂತ ಕರೆಯೋದು ಇದನ್ನೇ. ಒಂದು ವರ್ಷ ಮಳೆ ಹೋದ್ರೆ ಹಗೇವು ಕಾಯುತ್ತೆ. ಮೇಲಿಂದ ಮೇಲೆ ಹೋದ್ರೆ? 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. 1881ರಲ್ಲಿ ಸುಮಾರು 41.9 ಲಕ್ಷ. ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಮ್ಮಿಯಾಯ್ತು. ಹಗೇವು ಇಲ್ಲದೋರು ಮೊದಲು ಹೋದ್ರು ಅಂತ ಹೇಳೋಕೆ ಅಂಕಿಅಂಶವೇನೂ ಬೇಕಾಗಿಲ್ಲ.

ಆ ಬರದ ಬೆನ್ನಿಗೇ ಬೆಂಗಳೂರು–ಮೈಸೂರು ರೈಲು ದಾರಿ ಬಂತು. 1881–82ರಲ್ಲಿ ರಾಮನಗರ, ಚನ್ನಪಟ್ಟಣದ ಮೂಲಕ ಗಾಡಿ ಓಡೋಕೆ ಶುರುವಾಯ್ತು. ನನ್ನ ಪ್ರಕಾರ ಹಗೇವಿನ ಕೊನೆ ಶುರುವಾಗಿದ್ದು ಅಲ್ಲೇ. ಹಗೇವು ಕಾಳನ್ನ ಈ ವರ್ಷದಿಂದ ಆ ವರ್ಷಕ್ಕೆ ಸಾಗಿಸುತ್ತೆ, ರೈಲು ಆ ಊರಿಂದ ಈ ಊರಿಗೆ ಸಾಗಿಸುತ್ತೆ. ಎರಡನೇದು ಬಂದ್ಮೇಲೆ ಮೊದಲನೇದರ ಅಗತ್ಯ ನಿಧಾನವಾಗಿ ಕಮ್ಮಿಯಾಯ್ತು. 1965ರಲ್ಲಿ ಭಾರತೀಯ ಆಹಾರ ನಿಗಮ ಬಂತು, ಗೋದಾಮು ಬಂತು, ರೇಷನ್ ಅಂಗಡಿ ಬಂತು. ಅದೇ ಹೊತ್ತಿಗೆ ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳ ಕೆಲಸ ಮಾಡಿ ರಾಗಿ ಇಳುವರಿ ಹೆಚ್ಚಿಸಿದ್ರು. ತಮಾಷೆ ನೋಡಿ, ತುಂಬೋಕೆ ರಾಗಿ ಬಂದಾಗ ಹಗೇವು ಮುಚ್ಚಿಹೋಗ್ತಿತ್ತು.

ಮನೆಯೊಳಗಿನ ಜಾಗಕ್ಕೂ ಹೊಸ ಬಾಡಿಗೆದಾರರು ಬಂದಿದ್ರು, ರೇಷ್ಮೆ ಹುಳ. ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆ ಹೆಚ್ಚಿದಷ್ಟೂ ವಾಡೆ, ಕಣಜ ಇದ್ದ ಮೂಲೆಗೆ ಹುಳದ ತಟ್ಟೆ ಬಂತು, ಗೋಡೆಗೆ ಚಂದ್ರಿಕೆ ಒರಗಿತು. ಹುಳಕ್ಕೆ ಗಾಳಿ ಬೇಕು, ಶುಚಿ ಬೇಕು. ದನದ ಗಂಜಲ, ಸಗಣಿ ಜೊತೆ ಆಗಿಬರಲ್ಲ. ದನ ಆಚೆ ಹೋದವು. ಈಗಂತೂ ಸಹಾಯಧನ ತಗೊಂಡು ಕಟ್ಟಿಸಿದ ಪ್ರತ್ಯೇಕ ಹುಳು ಮನೆಗಳಿವೆ. ಹೊಂಗನೂರಿನ ಸುತ್ತ ಇವತ್ತು 'ಬಾರ್ನ್' ಅಂತ ಯಾವುದನ್ನಾದ್ರೂ ತೋರಿಸಬೇಕಾದ್ರೆ ನಾನು ಅದನ್ನೇ ತೋರಿಸ್ತೀನಿ. ಕಣ? ಟಾರು ರಸ್ತೆ. ರೋಣಗಲ್ಲಿನ ಕೆಲಸ ಬಸ್ಸು, ಕಾರುಗಳ ಚಕ್ರದ್ದು.

ಮತ್ತೆ ರಾಗಿ? 2025–26ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ರೈತ ಖರೀದಿ ಕೇಂದ್ರದ ಸರದೀಲಿ ನಿಂತು ಕೊಡ್ತಾನೆ, ರಾಗಿ ಗೋದಾಮಿಗೆ ಹೋಗುತ್ತೆ, ಆಮೇಲೆ ರೇಷನ್ ಅಂಗಡಿಗೆ ಬರುತ್ತೆ. ಅಲ್ಲಿ ಯಜಮಾನನ ಮನೆಗೂ, ಹಗೇವಿಗೆ ಇಳೀತಿದ್ದ ಆಳಿನ ಮೊಮ್ಮಗನಿಗೂ ಒಂದೇ ತಕ್ಕಡಿ. ಇದನ್ನ ನಷ್ಟ ಅಂತ ನಾನು ಕರೆಯಲ್ಲ. ಆದ್ರೆ ಒಂದು ತಿಂಗಳು ಲಾರಿ ಬರದಿದ್ರೆ ಊರಲ್ಲಿ ಎಷ್ಟು ದಿನದ ಊಟ ಇದೆ ಅಂತ ಮೊದಲು ಊರಿನವರಿಗೇ ಗೊತ್ತಿತ್ತು. ಈಗ ಆ ಲೆಕ್ಕ ಊರಿನ ಹೊರಗಿದೆ.

ಹಳೇ ಒಕ್ಕಲುತನದ ಸಾಮಾನು ನೋಡಬೇಕು ಅನ್ನೋರು ರಾಮನಗರದ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಹಳೇ ಮೈಸೂರು ರಸ್ತೆಯಲ್ಲೇ ಇದೆ. ಆದ್ರೆ ಹಗೇವನ್ನ ಎತ್ಕೊಂಡು ಬಂದು ಮ್ಯೂಸಿಯಂನಲ್ಲಿ ಇಡೋಕಾಗಲ್ಲ. ಅದು ತೋಡಿದ ಜಾಗದಲ್ಲೇ ಇರುತ್ತೆ, ಕಾಂಕ್ರೀಟ್ ರಸ್ತೆ ಹಾಕಿದ್ರೆ ಅಡಿಗೆ ಹೋಗುತ್ತೆ. ಹಾಗಾಗಿ ಈ ವಾರ ಊರಿಗೆ ಹೋಗೋರು ನಿಮ್ಮ ತಾತನ್ನೋ ಅಜ್ಜೀನೋ ಕೇಳಿ: ನಮ್ಮೂರಲ್ಲಿ ಹಗೇವು ಎಲ್ಲಿತ್ತು, ಯಾರದಾಗಿತ್ತು, ಕೊನೇ ಸಲ ತೆಗೆದಾಗ ಒಳಗೆ ಇಳಿದೋರು ಯಾರು? ಫೋನಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಮುಂದಿನ ಸಂಚಿಕೇಲಿ ಹಾಕೋಣ. ಗುಂಡಿ ಕಂಡ್ರೆ ಮಾತ್ರ ಇಳೀಬೇಡಿ.